19 ಮಕ್ಕಳ ಸರ್ಕಾರಿ ಶಾಲೆ: ಸಣ್ಣ ಮಗಳನ್ನು ಅಲ್ಲೇ ಸೇರಿಸಲಾ, ವ್ಯಾನ್ ಹತ್ತಿಸಲಾ?

ಹೊಲಿಗೆ ಮಷಿನ್, ಅಣ್ಣಿಗೇರಿ ತಾಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ದರ್ಜಿ. ಅಣ್ಣಿಗೇರಿಯಿಂದ ಒಳಗೆ ಒಂದು ಸಣ್ಣ ಹಳ್ಳಿ ನಮ್ಮದು. ಸುತ್ತ ಎರಿ ಹೊಲ. ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು. ಊರಲ್ಲಿ ಒಂದರಿಂದ ಐದರವರೆಗೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ. ನಾನೂ ಅಲ್ಲೇ ಕಲಿತವನು. ಎರಡು ವರ್ಷದಿಂದ ಅದರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷ ಆಗಿದ್ದೇನೆ. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಸಭೆಯಲ್ಲಿ ಎಲ್ಲರೂ ಒಲ್ಲೆ ಅಂದರು, ನಾನು ಅವತ್ತು ತಡವಾಗಿ ಹೋಗಿದ್ದೆ, ಅಷ್ಟೇ.

ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ತಿಳಿಯಲು ನನಗೆ ಹಾಜರಿ ಪುಸ್ತಕ ಬೇಡ. ಸಮವಸ್ತ್ರದ ಬಟ್ಟೆ ಸರ್ಕಾರದಿಂದ ಬರುತ್ತದೆ, ಹೊಲಿಗೆ ಮನೆಯವರ ಖರ್ಚು, ಊರಿಗೆ ದರ್ಜಿ ನಾನೊಬ್ಬನೇ. ಅಂಗಡಿ ಹಾಕಿದ ವರ್ಷ 58 ಮಕ್ಕಳ ಅಳತೆ ತಗೊಂಡಿದ್ದೆ. ಆ ಅಳತೆ ಪುಸ್ತಕ ಇನ್ನೂ ಇದೆ. ಆಮೇಲೆ 41 ಆಯಿತು, 33 ಆಯಿತು, 26 ಆಯಿತು. ಈ ಜೂನ್‌ನಲ್ಲಿ 19. ಇನ್ನೊಂದು ಕಡೆ ಟೈ ಕಟ್ಟುವ, ಚೌಕಳಿ ಶರ್ಟಿನ ಮಕ್ಕಳು ಅಂಗಡಿಗೆ ಬರುವುದು ಜಾಸ್ತಿ ಆಗಿದೆ. ಆ ಬಟ್ಟೆ ಹೊಲಿದೇ ಬರುತ್ತದೆ, ಸ್ಕೂಲಿನವರೇ ಮಾರುತ್ತಾರೆ. ನನ್ನ ಪಾಲಿಗೆ ಉಳಿದದ್ದು ಪ್ಯಾಂಟು ಗಿಡ್ಡ ಮಾಡುವ ಕೆಲಸ.

ಈಗಿನ ಲೆಕ್ಕ ಹೀಗಿದೆ. ಒಂದನೇ ತರಗತಿಗೆ 3, ಎರಡಕ್ಕೆ 5, ಮೂರಕ್ಕೆ 4, ನಾಲ್ಕಕ್ಕೆ 4, ಐದಕ್ಕೆ 3. ಶಿಕ್ಷಕರು ಇಬ್ಬರು. ಮುಖ್ಯ ಗುರುಗಳು ಒಬ್ಬರು, ಅಕ್ಕೋರು ಒಬ್ಬರು. ಇಬ್ಬರೂ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಅಕ್ಕೋರು ದಿನಾ ಹುಬ್ಬಳ್ಳಿಯಿಂದ ಬಸ್ಸು ಹಿಡಿದು ಬರುತ್ತಾರೆ, ಹೆದ್ದಾರಿಯಲ್ಲಿ ಇಳಿದು ಯಾರದಾದರೂ ಬೈಕ್ ಹತ್ತುತ್ತಾರೆ.

ಮಕ್ಕಳು ಯಾಕೆ ಕಡಿಮೆ ಆದರು ಅನ್ನುವುದು ಗುಟ್ಟೇನಲ್ಲ. ಒಂದು, ಹುಟ್ಟುವುದೇ ಕಡಿಮೆ ಆಗಿದೆ. ನಮ್ಮಪ್ಪನಿಗೆ ಆರು ಮಕ್ಕಳು, ನನಗೆ ಎರಡು. ಇನ್ನೊಂದು, ರಸ್ತೆ ಡಾಂಬರಾಯಿತು. ರಸ್ತೆ ಬೇಕು ಅಂತ ಹೋರಾಡಿದವರೂ ನಾವೇ. ಅದೇ ರಸ್ತೆ ಮೇಲೆ ಈಗ ಬೆಳಿಗ್ಗೆ ಎಂಟಕ್ಕೆ ಖಾಸಗಿ ಶಾಲೆಯ ಹಳದಿ ವ್ಯಾನ್ ಬರುತ್ತದೆ, ಊರಿನ 22 ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ನಮ್ಮ ಶಾಲೆಗಿಂತ ವ್ಯಾನ್‌ನಲ್ಲೇ ಮಕ್ಕಳು ಜಾಸ್ತಿ!

ನನ್ನ ಸಂಕಟ ಇದು. ದೊಡ್ಡ ಮಗಳು ಇಲ್ಲೇ ನಾಲ್ಕನೇ ತರಗತಿ. ಸಣ್ಣವಳಿಗೆ ಮಾರ್ಚ್‌ನಲ್ಲಿ ಆರು ತುಂಬಿದೆ, ಒಂದನೇ ತರಗತಿಗೆ ಸೇರಿಸಬೇಕು. ನನ್ನ ಹೆಂಡತಿ ವ್ಯಾನ್ ಅನ್ನುತ್ತಾಳೆ. ಅವಳ ಮಾತಿನಲ್ಲೂ ಅರ್ಥ ಇದೆ: "ಒಂದನೇತ್ತೆಗೆ ಮೂರೇ ಹುಡುಗ್ರು. ನಮ್ಮಾಕಿ ಯಾರ ಜೋಡಿ ಆಡಬೇಕು, ಯಾರ ಜೋಡಿ ಪೈಪೋಟಿ ಮಾಡಬೇಕು?" ಫೀ ವರ್ಷಕ್ಕೆ 22 ಸಾವಿರ, ವ್ಯಾನ್ ಬೇರೆ. ಸಾಲ ಮಾಡಿದರೆ ಆಗದ್ದೇನಲ್ಲ.

ಮುಖ್ಯ ಗುರುಗಳನ್ನು ಕೇಳಿದೆ, ನಮ್ಮ ಮಕ್ಕಳ ಕಲಿಕೆ ಹೇಗಿದೆ ಅಂತ. ಕಳೆದ ವರ್ಷದ ಫಲಿತಾಂಶದ ಹಾಳೆ ತೋರಿಸಿದರು. ಎಲ್ಲರೂ ಪಾಸು. ಹೆಚ್ಚಿನವರಿಗೆ ಎ, ಎ ಪ್ಲಸ್. ಆದರೆ ಅದೇ ಹಾಳೆಯಲ್ಲಿ ಎ ಇರುವ ಒಬ್ಬ ಹುಡುಗ ನನ್ನ ಅಂಗಡಿ ಬೋರ್ಡ್ ಓದಲು ತಡವರಿಸುತ್ತಾನೆ. ಹಾಗಾದರೆ ಆ ಹಾಳೆಯನ್ನು ನಂಬಲಾ, ನನ್ನ ಕಣ್ಣನ್ನು ನಂಬಲಾ?

ಇಷ್ಟು ಕಡಿಮೆ ಮಕ್ಕಳಿರುವ ಶಾಲೆಯಲ್ಲಿ ಕಲಿಕೆ ನಿಜವಾಗಿ ಚೆನ್ನಾಗಿರುತ್ತದಾ, ಕೆಟ್ಟಿರುತ್ತದಾ? ಅದನ್ನು ನನ್ನಂಥ ಎಸ್ಸೆಸ್ಸೆಲ್ಸಿ ಫೇಲಾದವನು ತಿಳಿಯುವುದು ಹೇಗೆ? ಶಿಕ್ಷಕರು ಯಾರಾದರೂ ಇದ್ದರೆ ಹೇಳಿ. ಪಂಪ ನಮ್ಮ ಅಣ್ಣಿಗೇರಿಯವನು ಅಂತ ಎದೆ ಉಬ್ಬಿಸುತ್ತೇವೆ, ಅದರ ಮಗ್ಗುಲಲ್ಲೇ ಕನ್ನಡ ಶಾಲೆಗೆ ಬೀಗ ಬಿದ್ದರೆ ಅಧ್ಯಕ್ಷ ಯಾರಿದ್ದ ಅಂತ ನಾಳೆ ನನ್ನನ್ನೇ ಕೇಳುತ್ತಾರೆ.

---

ಬೆಣ್ಣಿಹಳ್ಳ

ಅಧ್ಯಕ್ಷರ ಮಗಳೇ ವ್ಯಾನ್ ಹತ್ತಿದರೆ ಉಳಿದ 19ರಲ್ಲಿ 10 ಮಕ್ಕಳು ಮರುದಿನವೇ ಹತ್ತುತ್ತಾರೆ. ಪ್ರಶ್ನೆ ಕೇಳುವ ಅಗತ್ಯವೇ ಇರಲಿಲ್ಲ.

---

ಹೊಲಿಗೆ ಮಷಿನ್

ಗೊತ್ತು ರೀ. ಆದರೆ ಊರಿನ ಮಾನ ಉಳಿಸಲು ಮಗಳನ್ನು ಬಲಿ ಕೊಟ್ಟೆ ಅಂತ ಹತ್ತು ವರ್ಷದ ಮೇಲೆ ಅವಳೇ ಕೇಳಿದರೆ? ಅದಕ್ಕೇ ಕಲಿಕೆ ಬಗ್ಗೆ ಕೇಳುತ್ತಿದ್ದೇನೆ.

---

ನಲಿ-ಕಲಿ ಟೀಚರ್, ಹಾನಗಲ್

ನಾನು ಹದಿನಾಲ್ಕು ವರ್ಷದಿಂದ ಸಣ್ಣ ಶಾಲೆಗಳಲ್ಲೇ ಇದ್ದೇನೆ. ಈಗಿರುವ ಶಾಲೆಯಲ್ಲಿ 23 ಮಕ್ಕಳು. ನಿಮ್ಮ ಪ್ರಶ್ನೆ ಓದಿ ಊಟ ಬಿಟ್ಟು ಬರೆಯಲು ಕೂತೆ.

ಮೊದಲು ಆ ಫಲಿತಾಂಶದ ಹಾಳೆ ಬಗ್ಗೆ. ಅದು ಸುಳ್ಳಲ್ಲ, ಆದರೆ ನಿಮಗೆ ಬೇಕಾದ ವಿಷಯ ಅದರಲ್ಲಿ ಇಲ್ಲ. ನಮ್ಮ ಮೌಲ್ಯಮಾಪನದಲ್ಲಿ ಚಟುವಟಿಕೆ, ಯೋಜನೆ, ಮೌಖಿಕ, ಲಿಖಿತ ಎಲ್ಲ ಸೇರುತ್ತವೆ. ಮಾತಿನಲ್ಲಿ ಚುರುಕಿರುವ, ಹಾಡು ಹೇಳುವ ಹುಡುಗನಿಗೆ ಓದಲು ಬಾರದಿದ್ದರೂ ಒಳ್ಳೆಯ ಗ್ರೇಡ್ ಬಂದುಬಿಡುತ್ತದೆ. ಇನ್ನೊಂದು ವಿಷಯ ನೋಡಿ. ನಿಮ್ಮ ಐದನೇ ತರಗತಿಯಲ್ಲಿ ಇರುವುದೇ ಮೂವರು. ಒಬ್ಬ ಹಿಂದೆ ಬಿದ್ದರೆ ಶೇಕಡಾ 100 ಇದ್ದದ್ದು 67ಕ್ಕೆ ಇಳಿಯುತ್ತದೆ. ಮುಂದಿನ ವರ್ಷ ಆ ಮಗು ಆರನೇ ತರಗತಿಗೆ ಬೇರೆ ಶಾಲೆಗೆ ಹೋದರೆ ಮತ್ತೆ 100. ಶಾಲೆ ಕೆಡಲೂ ಇಲ್ಲ, ಸುಧಾರಿಸಲೂ ಇಲ್ಲ. ಸಣ್ಣ ಶಾಲೆಗೆ ಶೇಕಡಾ ಲೆಕ್ಕ ಹಾಕುವುದೇ ತಪ್ಪು. ಮಗುವಿನ ಹೆಸರು ಹಿಡಿದು ಕೇಳಬೇಕು: ಇವಳಿಗೆ ಏನು ಬರುತ್ತದೆ, ಅವನಿಗೆ ಏನು ಬರುವುದಿಲ್ಲ ಅಂತ.

ಇನ್ನು ನಿಮ್ಮ ಮನೆಯವರ ಚಿಂತೆ. ಒಂದನೇ ತರಗತಿಗೆ ಮೂವರೇ ಇದ್ದರೂ ನಿಮ್ಮ ಮಗಳು ಮೂವರ ಜೊತೆ ಕೂರುವುದಿಲ್ಲ. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಸಣ್ಣ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ. ಅದರಲ್ಲಿ ಒಂದು, ಎರಡು, ಮೂರು ಒಟ್ಟಿಗೇ ಕೂರುತ್ತವೆ, ಅಂದರೆ ನಿಮ್ಮಲ್ಲಿ ಈಗ 12 ಮಕ್ಕಳು. ಇದು ಶಿಕ್ಷಕರು ಇಲ್ಲ ಅಂತ ಮಾಡಿದ ಹೊಂದಾಣಿಕೆ ಅಂತ ಜನ ತಿಳಿದಿದ್ದಾರೆ. ಹಾಗಲ್ಲ, ಅದರ ಕಟ್ಟೋಣವೇ ಹಾಗೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಕಲಿಯಬೇಕಾದ್ದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗುವಿಗೂ ಅದರಲ್ಲಿ ತನ್ನದೇ ಮೆಟ್ಟಿಲು. ಒಂದು ಗುಂಪು ಟೀಚರ್ ಹತ್ತಿರ, ಒಂದು ಗುಂಪು ಗೆಳೆಯರ ಸಹಾಯದಲ್ಲಿ, ಒಂದು ಗುಂಪು ತಾನೇ ಕಲಿಯುತ್ತದೆ. ಈ ಒಂದೊಂದು ಗುಂಪನ್ನೇ ನಾವು 'ತಟ್ಟೆ' ಅನ್ನುತ್ತೇವೆ. ಜ್ವರ ಬಂದು ಹದಿನೈದು ದಿನ ಬಿಟ್ಟ ಮಗು ವಾಪಸ್ ಬಂದರೆ ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತುತ್ತದೆ. 45 ಮಕ್ಕಳಿರುವ ಕೋಣೆಯಲ್ಲಿ ನಲಿ-ಕಲಿ ಮಾಡುವುದು ನರಕ, ಅದನ್ನೂ ಮಾಡಿ ನೋಡಿದ್ದೇನೆ. 12 ಮಕ್ಕಳಿದ್ದರೆ ಹಬ್ಬ.

ಸಮಸ್ಯೆ ಇರುವುದು ನಾಲ್ಕು ಮತ್ತು ಐದರಲ್ಲಿ. ಅಲ್ಲಿ ಏಣಿ ಮುಗಿಯುತ್ತದೆ, ತರಗತಿಗೊಂದು ಪಠ್ಯಪುಸ್ತಕ ಶುರು. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಂತ ನಾಲ್ಕು ವಿಷಯ, ಎರಡು ತರಗತಿ. ಒಬ್ಬರೇ ಎಂಟು ಪಾಠ ಹೊರಬೇಕು. ನಾಲ್ಕಕ್ಕೆ ಪಾಠ ಮಾಡುವಾಗ ಐದು 'ನಕಲು ಬರೀರಿ'. ಐದಕ್ಕೆ ಮಾಡುವಾಗ ನಾಲ್ಕು 'ಮಗ್ಗಿ ಬರೀರಿ'. ಇಬ್ಬರಲ್ಲಿ ಒಬ್ಬರು ತರಬೇತಿಗೆ ಹೋದ ದಿನ ಐದೂ ತರಗತಿ ಒಂದೇ ಕೋಣೆಗೆ. ಆ ದಿನ ಪಾಠ ನಡೆಯುವುದಿಲ್ಲ ರೀ, ಮಕ್ಕಳನ್ನು ಸುಮ್ಮನೆ ಕೂರಿಸುವುದೇ ಕೆಲಸ. ನಾನೇ ಎಷ್ಟೋ ದಿನ ಹಾಗೆ ಕಳೆದಿದ್ದೇನೆ. ಅದಕ್ಕೇ ನಿಮ್ಮ ಶಾಲೆಯಲ್ಲಿ ಎಷ್ಟು ಮಕ್ಕಳು ಅನ್ನುವುದಕ್ಕಿಂತ ವರ್ಷದಲ್ಲಿ ಎಷ್ಟು ದಿನ ಇಬ್ಬರೂ ಶಿಕ್ಷಕರು ಒಟ್ಟಿಗೆ ಶಾಲೆಯಲ್ಲಿದ್ದರು ಅಂತ ನೋಡಿ. ಶಿಕ್ಷಕರ ಹಾಜರಿ ಪುಸ್ತಕ, ಮತ್ತು ಅವರು ಯಾವ ಕೆಲಸಕ್ಕೆ ಯಾವಾಗ ಹೊರಗೆ ಹೋದರು ಅಂತ ಬರೆಯುವ ಚಲನವಲನ ಪುಸ್ತಕ ಎಸ್‌ಡಿಎಂಸಿ ನೋಡಬಹುದು.

ಪರೀಕ್ಷಿಸುವುದು ಹೇಗೆ ಅಂತ ಕೇಳಿದ್ದೀರಿ. ನೀವೇ ಮಾಡಬಹುದು, ಒಂದು ಮಗುವಿಗೆ ಹತ್ತು ನಿಮಿಷ ಸಾಕು. ಮುಖ್ಯ ಗುರುಗಳ ಒಪ್ಪಿಗೆ ತಗೊಳ್ಳಿ, ಶನಿವಾರ ಹೋಗಿ. ಒಬ್ಬೊಬ್ಬರನ್ನೇ ಕರೆಯಿರಿ, ಗುಂಪಿನಲ್ಲಿ ಬೇಡ. ಗುಂಪಿನಲ್ಲಿ ಒಬ್ಬ ಓದಿದರೆ ಉಳಿದವರು ಬಾಯಿ ಆಡಿಸುತ್ತಾರೆ. ನಾಲ್ಕು ಐದನೇಯವರಿಗೆ ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆ ಕೊಡಿ. ಅವರ ಪಠ್ಯದ್ದೇ ಆದರೆ ನಡುಪುಟ ತೆಗೆದು ಚಿತ್ರವನ್ನು ಕೈಯಿಂದ ಮುಚ್ಚಿ. ಎಷ್ಟೋ ಮಕ್ಕಳು ಚಿತ್ರ ನೋಡಿ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಾರೆ, ನಾವು ಓದಿದ ಅಂದುಕೊಳ್ಳುತ್ತೇವೆ. ಆಮೇಲೆ ದಶಕ ತಗೊಂಡು ಕಳೆಯುವ ಒಂದು ಲೆಕ್ಕ, ಮೂರಂಕಿಗೆ ಒಂದಂಕಿಯಿಂದ ಭಾಗಿಸುವ ಒಂದು ಲೆಕ್ಕ. ಒತ್ತಕ್ಷರ ಇರುವ ಮೂರು ಪದ ಉಕ್ತಲೇಖನ. ಮುಗಿಯಿತು. ಬೈಯಬೇಡಿ, ತಿದ್ದಬೇಡಿ, ಬರೆದುಕೊಳ್ಳಿ ಅಷ್ಟೇ. ವ್ಯಾನ್‌ನಲ್ಲಿ ಹೋಗುವ ಅದೇ ವಯಸ್ಸಿನ ಒಂದು ಮಗುವಿಗೂ ಇದನ್ನೇ ಮಾಡಿ. ಆಗ ತುಲನೆಗೆ ಒಂದು ಅಳತೆ ಸಿಗುತ್ತದೆ. ಅಳತೆ ಇಲ್ಲದೆ ನೀವು ಬಟ್ಟೆ ಕತ್ತರಿಸುವುದಿಲ್ಲ, ಅಲ್ವಾ?

---

ಇಬ್ಬರ ಅಮ್ಮ, ಹಳೇ ಹುಬ್ಬಳ್ಳಿ

ನಾನು ಎರಡೂ ನೋಡಿದವಳು. ಹೇಳುತ್ತೇನೆ ಕೇಳಿ.

ಕೊರೊನಾ ಬಂದಾಗ ಯಜಮಾನರ ಕೆಲಸ ಹೋಯಿತು. ಫೀ ಕಟ್ಟಲು ಆಗಲಿಲ್ಲ. 2021ರಲ್ಲಿ ಸಣ್ಣ ತರಗತಿಗಳು ಮತ್ತೆ ಶುರುವಾದಾಗ ದೊಡ್ಡವನನ್ನು ಓಣಿಯ ಸರ್ಕಾರಿ ಶಾಲೆಗೆ ಹಾಕಿದೆ. ಟಿಸಿ ಕೊಡಲು ಹಳೆಯ ಸ್ಕೂಲಿನವರು ಆಡಿಸಿದ ಆಟ ಇಲ್ಲಿ ಬೇಡ. ಅವನು ಆಗ ಎರಡನೇ ತರಗತಿ. ಇಂಗ್ಲಿಷ್ ಪದ್ಯ ಎಂಟು ಬಾಯಿಪಾಠ. ಅದೇ ಪದ್ಯದ ನಡುವಿನ ಒಂದು ಪದಕ್ಕೆ ಬೆರಳಿಟ್ಟು ಇದೇನು ಅಂದರೆ ಮೊದಲಿಂದ ಹಾಡಿಕೊಂಡು ಬಂದು ಆ ಪದಕ್ಕೆ ನಿಲ್ಲುತ್ತಿದ್ದ! ನನಗೆ ಮೊದಲು ನಗು, ಆಮೇಲೆ ಅಳು. ಎರಡು ವರ್ಷ ಫೀ ಕಟ್ಟಿದ್ದು ಇದಕ್ಕಾ ಅಂತ.

ಸರ್ಕಾರಿ ಶಾಲೆಗೆ ಹೋದ ಮೇಲೆ ಏಳೆಂಟು ತಿಂಗಳಲ್ಲಿ ಕನ್ನಡ ಓದಲು ಕಲಿತ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಚುರುಮುರಿ ಕಟ್ಟಿದ ಪೇಪರು, ಏನು ಸಿಕ್ಕರೂ ಓದುವುದು. ಹಾಲು, ಊಟ, ಮೊಟ್ಟೆ ಎಲ್ಲ ಕೊಡುತ್ತಾರೆ. ನಮ್ಮ ಊಟ ದೊಡ್ಡ ಅಡುಗೆಮನೆಯಿಂದ ಗಾಡಿಯಲ್ಲಿ ಬರುತ್ತದೆ. ನಿಮ್ಮ ಹಳ್ಳಿಯಲ್ಲಿ ಶಾಲೆಯಲ್ಲೇ ಬೇಯಿಸುತ್ತಾರೆ ಅನಿಸುತ್ತದೆ, ಪುಣ್ಯ.

ಆದರೆ ಸುಳ್ಳು ಹೇಳುವುದಿಲ್ಲ. ಇಂಗ್ಲಿಷ್ ಹಿಂದೆ ಬಿತ್ತು. ಈಗ ಹೈಸ್ಕೂಲ್ ಹತ್ತಿರ ಬಂದಿದ್ದಾನೆ, ಬರೆಯುತ್ತಾನೆ, ಮಾತಾಡು ಅಂದರೆ ನಾಚಿಕೊಳ್ಳುತ್ತಾನೆ. ಅದಕ್ಕೆ ಟ್ಯೂಷನ್ ಹಾಕಿದ್ದೇನೆ, ತಿಂಗಳಿಗೆ 600. ಹಿಂದೆ ಕಟ್ಟುತ್ತಿದ್ದ ಫೀಗಿಂತ ಎಷ್ಟೋ ವಾಸಿ. ಸಣ್ಣವಳನ್ನು ಎಲ್ಲಿಗೆ ಹಾಕಿದೆ ಅಂತ ಕೇಳಬೇಡಿ. ಯಜಮಾನರಿಗೆ ಕೆಲಸ ಸಿಕ್ಕಿತು, ಅತ್ತೆ ಹಟ ಹಿಡಿದರು, ಅವಳು ಕಾನ್ವೆಂಟ್. ಇಬ್ಬರೂ ಒಂದೇ ಮನೆಯಲ್ಲಿ ಕೂತು ಹೋಮ್‌ವರ್ಕ್ ಮಾಡುವಾಗ ದಿನಾ ನನಗೆ ಪರೀಕ್ಷೆ. ಅವನು "ನೀನು ನನಗೆ ಕಡಿಮೆ ಖರ್ಚು ಮಾಡಿದೆ" ಅಂದುಬಿಟ್ಟಿದ್ದಾನೆ ಒಮ್ಮೆ. ನಿಮಗೂ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ನಡೆದು, ಒಬ್ಬಳು ವ್ಯಾನ್‌ನಲ್ಲಿ ಹೋಗುವುದು ಬೇಡ ಅಂತ ನನ್ನ ಅನುಭವ. ಎಲ್ಲಿಗಾದರೂ ಸರಿ, ಇಬ್ಬರನ್ನೂ ಒಂದೇ ಕಡೆ ಹಾಕಿ.

---

ಹೊಲಿಗೆ ಮಷಿನ್

ಅಕ್ಕಾವ್ರೇ, ಕೊನೆಯ ಮಾತನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಬಡಿಯುವ ಸದ್ದು ಸ್ವಲ್ಪ ಜೋರಾಗಿತ್ತು.

ಟೀಚರ್, ಮುಖ್ಯ ಗುರುಗಳು ಒಪ್ಪಿದ್ದಾರೆ. ಈ ಶನಿವಾರ ಹೋಗುತ್ತೇನೆ.

---

ನಿವೃತ್ತ ಸಿಆರ್‌ಪಿ, ಮುಂಡರಗಿ

ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ ಆಗಿದ್ದವನು. ಒಂದೆರಡು ಮಾತು ಕಾಯ್ದೆ ಕಡೆಯಿಂದ, ಯಾಕಂದರೆ ಅಧ್ಯಕ್ಷರಿಗೆ ಅದು ಬೇಕಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. 59 ಇದ್ದರೂ ಇಬ್ಬರೇ, 19 ಇದ್ದರೂ ಇಬ್ಬರೇ. ಮಕ್ಕಳು ಕಡಿಮೆ ಅಂತ ಒಬ್ಬರನ್ನು ಪಕ್ಕದೂರಿಗೆ ನಿಯೋಜನೆ ಮೇಲೆ ಕಳಿಸಿದರೆ ಸುಮ್ಮನಿರಬೇಡಿ. ಸಭೆ ಕರೆದು ಠರಾವು ಬರೆಯಿರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಸಹಿ ತಗೊಳ್ಳಿ. ಬಾಯಿಮಾತಿಗೆ ಕಚೇರಿಯಲ್ಲಿ ಕಿವಿ ಇರುವುದಿಲ್ಲ. ಅದೇ ಕಾಯ್ದೆಯಲ್ಲಿ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು ಅಂತಲೂ ಇದೆ. 27ನೇ ಕಲಂ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇಷ್ಟು ಬಿಟ್ಟರೆ ಶಿಕ್ಷಕರಿಗೆ ಬೇರೆ ಕೆಲಸ ಹಚ್ಚುವಂತಿಲ್ಲ. ಓದಲು ಚಂದ. 2025ರ ದಸರಾ ರಜೆಯಲ್ಲಿ ಮನೆಮನೆ ಸಮೀಕ್ಷೆಗೆ ಹೋದವರು ಯಾರು ಅಂತ ನಿಮಗೇ ಗೊತ್ತು. ಸಮೀಕ್ಷೆ ಮುಗಿಯದೆ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು.

ಖಾಸಗಿ ಕಡೆ ಮಕ್ಕಳು ಹೋದದ್ದರಲ್ಲಿ ಸರ್ಕಾರದ ಕೈಯೂ ಇದೆ. ಅದೇ ಕಾಯ್ದೆಯ ಶೇಕಡಾ 25 ಸೀಟಿನಲ್ಲಿ ಸರ್ಕಾರವೇ ಫೀ ಕಟ್ಟಿ ಬಡವರ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿತು. 2019ರಲ್ಲಿ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಅಂದರು. ಸೀಟು ನಿಂತಿತು, ಆದರೆ ಅಷ್ಟರಲ್ಲಿ ವ್ಯಾನಿನ ರೂಢಿ ಆಗಿತ್ತು. ಅಣ್ಣ ಹೋದ ಶಾಲೆಗೆ ತಮ್ಮ ಹೋಗುತ್ತಾನೆ, ಈಗ ಸ್ವಂತ ದುಡ್ಡಿನಲ್ಲಿ.

ಒಂದು ಎಚ್ಚರಿಕೆ. ಕೆಲವರು ಬಂದು ನಿಮ್ಮ ಶಾಲೆಗೂ ಇಂಗ್ಲಿಷ್ ಮಾಧ್ಯಮ ಕೇಳಿ, ಮಕ್ಕಳು ತುಂಬುತ್ತಾರೆ ಅನ್ನುತ್ತಾರೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟಾಗ ನಮ್ಮ ಧಾರವಾಡದ ಸಾಹಿತ್ಯ ಸಮ್ಮೇಳನದಲ್ಲೇ ಅದರ ಬಗ್ಗೆ ದೊಡ್ಡ ಜಗಳ ಆಗಿತ್ತು. ನನ್ನ ತಕರಾರು ಭಾಷೆಯದ್ದಲ್ಲ, ಲೆಕ್ಕದ್ದು. ಇಬ್ಬರು ಶಿಕ್ಷಕರ ಶಾಲೆಯಲ್ಲಿ ಎರಡು ಮಾಧ್ಯಮ ಅಂದರೆ ಮೇಲೆ ಟೀಚರ್ ಹೇಳಿದ ಎಂಟು ಪಾಠ ಹನ್ನೆರಡೋ ಹದಿನಾಲ್ಕೋ ಆಗುತ್ತವೆ. ಇದ್ದದ್ದೂ ಕೆಡುತ್ತದೆ. ಇಂಗ್ಲಿಷನ್ನು ವಿಷಯವಾಗಿ ಚೆನ್ನಾಗಿ ಕಲಿಸಿ ಅಂತ ಕೇಳಿ, ಅದು ನಿಮ್ಮ ಹಕ್ಕು.

ಕೊನೆಗೆ, ತಪ್ಪು ಎಲ್ಲ ಶಾಲೆಯದ್ದೇ ಅಲ್ಲ. ಆಗಸ್ಟ್‌ನಲ್ಲಿ ಹೆಸರು ಬಿಡಿಸುವ ಸುಗ್ಗಿ ಬಂದಾಗ ನಾಲ್ಕು ಐದನೇ ಮಕ್ಕಳ ಹಾಜರಿ ಪುಸ್ತಕ ತೆಗೆದು ನೋಡಿ. ಆಮೇಲೆ ಹತ್ತಿ, ಮೆಣಸಿನಕಾಯಿ. ನಮ್ಮ ಮುಂಡರಗಿ ಕಡೆಯಂತೂ ತಂದೆ ತಾಯಿ ದುಡಿಯಲು ಗೋವಾ, ಮಂಗಳೂರು ಅಂತ ಹೊರಟರೆ ಮಕ್ಕಳೂ ಗಂಟಿನ ಜೊತೆ ಹೊರಡುತ್ತವೆ. ಅಜ್ಜಿ ಇದ್ದ ಮನೆಯ ಮಗು ಉಳಿಯುತ್ತದೆ, ಅಜ್ಜಿ ಇಲ್ಲದ ಮನೆಯದು ಹೋಗುತ್ತದೆ. ಇಪ್ಪತ್ತು ವರ್ಷ ನಾನು ಕಂಡ ಲೆಕ್ಕ ಇದು.

---

ಹೊಲಿಗೆ ಮಷಿನ್

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸೀಸನ್ ಇತ್ತು, ಮದುವೆ ಜಂಪರ್‌ಗಳು.

ಟೀಚರ್ ಹೇಳಿದ ಹಾಗೇ ಮಾಡಿದೆ. ಶನಿವಾರ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ನಾಲ್ಕು ಐದನೇಯವರು ಒಟ್ಟು ಏಳು ಮಕ್ಕಳು. ಮುಖ್ಯ ಗುರುಗಳು ದೂರ ನಿಂತು ಗಿಡಕ್ಕೆ ನೀರು ಹಾಕುವ ಹಾಗೆ ಮಾಡುತ್ತಿದ್ದರು, ಕಿವಿ ಮಾತ್ರ ಈ ಕಡೆ ಇತ್ತು.

ನಾಲ್ವರು ಗಡಗಡ ಓದಿದರು. ಇಬ್ಬರು ಒತ್ತು ಬಂದಲ್ಲಿ ನಿಂತು ನಿಂತು ಓದಿದರು, 'ಹಕ್ಕಿ'ಯನ್ನು 'ಹಕಿ' ಅಂದರು. ಒಬ್ಬ ಓದಲಿಲ್ಲ. ಐದನೇ ತರಗತಿ. ನಾನು ಮೊದಲ ಪೋಸ್ಟ್‌ನಲ್ಲಿ ಹೇಳಿದ ಹುಡುಗ ಅವನೇ. ಅಕ್ಷರ ಒಂದೊಂದೇ ಗುರುತಿಸುತ್ತಾನೆ, ಕೂಡಿಸಲು ಬರುವುದಿಲ್ಲ. ಹಾಜರಿ ಪುಸ್ತಕ ನೋಡಿದೆ. ಎರಡು ವರ್ಷ ಬೆನ್ನುಬೆನ್ನಿಗೆ ದೀಪಾವಳಿ ಆದಮೇಲೆ ಯುಗಾದಿವರೆಗೆ ಗೋವಾದಲ್ಲಿದ್ದ. ಸಿಆರ್‌ಪಿ ಸರ್ ಹೇಳಿದ್ದು ನಿಜ, ಆ ಮನೆಯಲ್ಲಿ ಅಜ್ಜಿ ಇಲ್ಲ.

ಅವನಿಗೆ 200ರಲ್ಲಿ 65 ಕಳೆ ಅಂತ ಪಾಟಿ ಮೇಲೆ ಬರೆದು ಕೊಟ್ಟೆ. ಬರೆದ ಉತ್ತರ 265. ಸೊನ್ನೆಯಲ್ಲಿ ಐದು ಹೋಗುವುದಿಲ್ಲ, ಹಾಗಾಗಿ ಐದರಲ್ಲಿ ಸೊನ್ನೆ ಕಳೆದು ಐದು ಇಟ್ಟಿದ್ದಾನೆ, ಪಕ್ಕದಲ್ಲಿ ಆರು, ಎರಡನ್ನು ಹಾಗೇ ಇಳಿಸಿದ್ದಾನೆ. ಪಾಟಿ ತೆಗೆದಿಟ್ಟು ಸುಮ್ನೆ ಕೇಳಿದೆ: "ಇನ್ನೂರರ ನೋಟು ಕೊಟ್ಟಿ, ಅರವತ್ತೈದರ ಸಾಮಾನು ತಗೊಂಡಿ. ಎಷ್ಟು ವಾಪಸ್ ಬರಬೇಕು?" ಕಣ್ಣು ಮುಚ್ಚಿ ತೆಗೆಯುವುದರೊಳಗೆ "ನೂರಾ ಮೂವತ್ತೈದು" ಅಂದ. ಗೋವಾದಲ್ಲಿ ಅವನೇ ಅಂಗಡಿಗೆ ಹೋಗುತ್ತಿದ್ದನಂತೆ, ಕೊಂಕಣಿಯಲ್ಲೂ ಎಣಿಸುತ್ತಾನೆ. ನನಗೆ ಮಾತೇ ಹೊರಡಲಿಲ್ಲ. ಇವನಿಗೆ ಲೆಕ್ಕ ಬರುವುದಿಲ್ಲ ಅಂತ ಹೇಗೆ ಬರೆದುಕೊಳ್ಳಲಿ? ಬರುತ್ತದೆ ಅಂತ ಹೇಗೆ ಬರೆದುಕೊಳ್ಳಲಿ?

ನನ್ನ ಮಗಳು ಚೆನ್ನಾಗಿ ಓದಿದಳು. ಜಂಬದಿಂದ ಭಾಗಾಕಾರ ಕೊಟ್ಟೆ, 312 ಭಾಗಿಸು 3. ಉತ್ತರ 14. ನಡುವಿನ ಸೊನ್ನೆಯನ್ನು ನುಂಗಿದ್ದಳು. ಹಿಂದೆ ಮುಖ್ಯ ಗುರುಗಳು ಕೆಮ್ಮಿದರು.

ವ್ಯಾನ್‌ನಲ್ಲಿ ಹೋಗುವ ನಮ್ಮ ಅಣ್ಣನ ಮಗನನ್ನೂ ಕೂರಿಸಿದೆ, ಅವನೂ ನಾಲ್ಕನೇ ತರಗತಿ. ಭಾಗಾಕಾರ ಸರಿ ಮಾಡಿದ, 104. ಇಂಗ್ಲಿಷ್ ಪುಸ್ತಕ ಓದಿದ, ಉಚ್ಚಾರ ಚಂದ, ಅರ್ಥ ಕೇಳಿದರೆ "ಅದು ಮಿಸ್ ಹೇಳಿಲ್ಲ" ಅಂದ. ಕನ್ನಡ ಕಥೆ ಓದುವಾಗ ನಮ್ಮ 'ಹಕಿ' ಮಕ್ಕಳಿಗಿಂತ ಹಿಂದೆ. ಹಾಗಾಗಿ ಯಾರು ಗೆದ್ದರು ಅಂತ ನಾನು ಹೇಳಲಾರೆ. ಆದರೆ 22 ಸಾವಿರದ ವ್ಯತ್ಯಾಸ ಅಂತೂ ಕಾಣಲಿಲ್ಲ.

ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಚಲನವಲನ ಪುಸ್ತಕ ನೋಡಿದಾಗ. ಜನವರಿಯಲ್ಲಿ ಇಬ್ಬರೂ ಒಟ್ಟಿಗೆ ಶಾಲೆಯಲ್ಲಿದ್ದದ್ದು 11 ದಿನ. ಅವರು ಎಲ್ಲೂ ತಿರುಗಾಡಲು ಹೋಗಿರಲಿಲ್ಲ. ತರಬೇತಿ, ಸಭೆ, ಮತದಾರರ ಪಟ್ಟಿ, ಬ್ಯಾಂಕು, ಮೊಟ್ಟೆ ಲೆಕ್ಕ. ಠರಾವು ಬರೆದಿದ್ದೇವೆ, ಒಂದೇ ದಿನ ಇಬ್ಬರನ್ನೂ ಹೊರಗೆ ಕರೆಯಬಾರದು, ತಿಂಗಳಿಗೆ ಇಷ್ಟೇ ದಿನ ಅಂತ ಮಿತಿ ಇರಬೇಕು ಅಂತ. ಸ್ವೀಕೃತಿ ಸಹಿಯೂ ತಗೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಸಣ್ಣವಳು ಇಲ್ಲೇ ಸೇರಿದಳು. ಈಗ ಸಮವಸ್ತ್ರ 20 ಜೋಡಿ. ಹೆಂಡತಿ ಒಂದು ವರ್ಷ ನೋಡುತ್ತೇನೆ ಅಂದಿದ್ದಾಳೆ, ಮುಂದಿನ ಜೂನ್‌ಗೆ ಅವಳೇ ಬೇವಿನ ಗಿಡದ ಕೆಳಗೆ ಕೂತು ಪರೀಕ್ಷೆ ಮಾಡುತ್ತಾಳಂತೆ. ಬೆಣ್ಣಿಹಳ್ಳದವರು ಹೇಳಿದ ಹಾಗೆ ಹತ್ತು ಮಕ್ಕಳು ಹೋಗಲೂ ಇಲ್ಲ, ವ್ಯಾನ್‌ನಿಂದ ಯಾರೂ ಇಳಿದು ಬರಲೂ ಇಲ್ಲ.

ಟೀಚರ್, ಒಂದೇ ಪ್ರಶ್ನೆ ಉಳಿದಿದೆ. ಆ ಹುಡುಗ ಸಂಜೆ ಅಂಗಡಿಗೆ ಬರುತ್ತೇನೆ ಅಂದಿದ್ದಾನೆ. ಬಾಯಲ್ಲಿ ಇರುವ ಲೆಕ್ಕವನ್ನು ಪಾಟಿ ಮೇಲೆ ಇಳಿಸುವುದು ಹೇಗೆ?

---

ನಲಿ-ಕಲಿ ಟೀಚರ್, ಹಾನಗಲ್

ಅವನಿಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡಿ, ಅಂದರೆ ದುಡ್ಡಿನಿಂದ. ನೂರರ ಎರಡು ನೋಟು ಕೊಟ್ಟು ಅರವತ್ತೈದು ಕೊಡು ಅನ್ನಿ. ಚಿಲ್ಲರೆ ಇಲ್ಲ ಅನ್ನುತ್ತಾನೆ. ಹಾಗಾದರೆ ಮುರಿಸಿಕೊಂಡು ಬಾ ಅನ್ನಿ. ಒಂದು ನೂರು ಮುರಿದು ಹತ್ತರ ಹತ್ತು ನೋಟು, ಅದರಲ್ಲಿ ಒಂದು ಹತ್ತನ್ನು ಮುರಿದು ಒಂದರ ಹತ್ತು ನಾಣ್ಯ. ಆಮೇಲೆ ಕೊಡಲಿ. ಪ್ರತಿ ಸಲ ಮುರಿಸಿದಾಗ ಪಾಟಿ ಮೇಲೆ ಆ ಅಂಕಿ ಹೊಡೆದು ಹೊಸದನ್ನು ಬರೆಯಲಿ. ಸಾಲ ತಗೊಳ್ಳುವುದು ಅಂತ ನಾವು ಕಲಿಸುವುದು ಇದನ್ನೇ, ಆದರೆ ಆ ಹೆಸರು ಹೇಳಬೇಡಿ. ಮುರಿಸುವುದು ಅನ್ನಿ. ವಾರದಲ್ಲಿ 265 ಬರೆಯುವುದು ನಿಲ್ಲುತ್ತದೆ. ನಿಮ್ಮ ಮಗಳ ಸೊನ್ನೆಗೂ ಇದೇ ಮದ್ದು: 312 ರೂಪಾಯಿ ಮೂವರಿಗೆ ಹಂಚಲು ಕೊಡಿ.

ಓದು ಅಷ್ಟು ಬೇಗ ಬರುವುದಿಲ್ಲ. ಅದಕ್ಕೆ ಅಕ್ಕೋರನ್ನು ಕೇಳಿ ಮೂರನೇ ತರಗತಿಯವರ ತಟ್ಟೆಯಲ್ಲಿ ದಿನಾ ಅರ್ಧ ಗಂಟೆ ಕೂರಿಸಿ. ಸಣ್ಣವರ ಜೊತೆ ಕೂರಲು ನಾಚಿಕೆ ಪಟ್ಟರೆ ಅವರಿಗೆ ಮಗ್ಗಿ ಹೇಳಿಕೊಡುವ ಕೆಲಸ ಕೊಟ್ಟು ಕೂರಿಸಿ.

---

ಹೊಲಿಗೆ ಮಷಿನ್

ಹತ್ತರ ನೋಟು ಎಲ್ಲಿ ಸಿಗುತ್ತವೆ ರೀ ಈಗ, ನಾಣ್ಯ ಕೊಟ್ಟರೆ ನಮ್ಮ ಕಡೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಬಟ್ಟೆ ಚೂರು ಕತ್ತರಿಸಿ ಇಟ್ಟಿದ್ದೇನೆ. ಬಿಳಿ ಚೂರು ನೂರು, ನೀಲಿ ಚೂರು ಹತ್ತು, ಗುಂಡಿ ಒಂದು. ಹುಡುಗ ಬಂದಿದ್ದಾನೆ, ಹೊರಗೆ ಬೋರ್ಡ್ ನೋಡುತ್ತಾ ನಿಂತಿದ್ದಾನೆ. ಆಮೇಲೆ ಬರೆಯುತ್ತೇನೆ.